ಐದನೆಯ ಗುಂಡುಸೂಜಿ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸೂಜಿ ಮೇಡಂ ಎಂದೇ. ಆರೋಗ್ಯ ಇಲಾಖೆಯ ಮೂರನೇ ಮಹಡಿಯಲ್ಲಿ, ಗೋಡೆಯಗಲದ ನಕ್ಷೆಯ ಮುಂದೆ ಅವಳ ಮೇಜು. ಹತ್ತು ಲಕ್ಷಕ್ಕೆ ಒಬ್ಬರಿಗೆ ಬರುವ, ಬಂದರೆ ವರ್ಷದೊಳಗೆ ಮಿದುಳನ್ನು ತಿಂದು ಮುಗಿಸುವ ಆ ರೋಗದಿಂದ ಸತ್ತವರು ಎಲ್ಲಿ ವಾಸವಾಗಿದ್ದರೋ ಅಲ್ಲೊಂದು ಕೆಂಪು ಗುಂಡುಸೂಜಿ ಚುಚ್ಚುವುದು ಅವಳ ಕೆಲಸ. ಸತ್ತ ಮೇಲೆ ಮಿದುಳಿನ ತುಣುಕು ಪರೀಕ್ಷೆಯಾಗಿ ರೋಗ ಖಚಿತವಾದರೆ ಮಾತ್ರ ಸೂಜಿ. ಅದಕ್ಕೆ ಒಪ್ಪಿಗೆ ಪತ್ರ ಬೇಕು. ಅಳುತ್ತಿರುವ ಮನೆಯವರ ಮುಂದೆ ಕೂತು ಸಹಿ ಹಾಕಿಸುವುದರಲ್ಲಿ ಅವಳದು ಎತ್ತಿದ ಕೈ.

ಕಾಲುವೆ ಪಕ್ಕದ ಒಂದೇ ಬಡಾವಣೆಯಲ್ಲಿ ನಾಲ್ಕು ಸೂಜಿ ನಿಂತಿದ್ದವು. "ನಾಲ್ಕು ಕಾಕತಾಳೀಯ ಇರ್ಬೋದು ಕಣಮ್ಮ. ಐದಾದ್ರೆ ತನಿಖೆಗೆ ಬರೀತೀನಿ," ಎಂದಿದ್ದರು ಮೇಲಧಿಕಾರಿ. ಸತ್ತವರು ಸಾಲದು ಅನ್ನುವ ಬಾಯಿಗೆ ಏನು ಹೇಳುವುದು!

ಅದೇ ಬಡಾವಣೆಯಲ್ಲಿದ್ದ ಅವಳ ಅಕ್ಕ ಈಗ ಹಾಸಿಗೆ ಹಿಡಿದಿದ್ದಳು. ತಂಗಿಯ ಗುರುತೂ ಸಿಗುತ್ತಿರಲಿಲ್ಲ. ಅದೇ ರೋಗವೆಂದು ಡಾಕ್ಟರಿಗೂ ಗುಮಾನಿ.

ಕೊನೆಯಲ್ಲಿ ಗಡಿಬಿಡಿಯಾಗಬಾರದೆಂದು ಒಪ್ಪಿಗೆ ಪತ್ರವನ್ನು ಮೊದಲೇ ತುಂಬಿಟ್ಟು, ಸತ್ತ ದಿನಾಂಕವನ್ನಷ್ಟೇ ಖಾಲಿ ಬಿಡುವುದು ಅವಳ ರೂಢಿ. ಅಕ್ಕನದನ್ನೂ ಹಾಗೇ ತುಂಬಿದಳು. ತಂಗಿಯ ಚೀಲದಿಂದ ಟವೆಲ್ ತೆಗೆಯಲು ಹೋದ ಭಾವನ ಕೈಗೆ ಅದು ಸಿಕ್ಕಿತು.

"ಇನ್ನೂ ಉಸಿರಾಡ್ತಿದಾಳಲ್ಲೇ! ತಾರೀಕೊಂದು ಬಾಕಿ ಅಂತ ಕಾಯ್ತಾ ಕೂತಿದೀಯಾ?"

"ಭಾವ, ಈ ಬಡಾವಣೇಲಿ ಇನ್ನೂ ನೂರಾರು ಜನ ಇದಾರೆ. ಅಕ್ಕನ್ನೂ ಲೆಕ್ಕಕ್ಕೆ ತಗೊಂಡ್ರೆ..."

"ಅವಳು ನನ್ನ ಹೆಂಡ್ತಿ ಕಣೇ."

ಪತ್ರ ಎರಡು ಹೋಳಾಯಿತು. ಎಂಟನೇ ದಿನ ಅಕ್ಕ ತೀರಿಕೊಂಡಳು. ಭಾವ ಯಾರಿಗೂ ಮುಟ್ಟಗೊಡದೆ ಮಣ್ಣು ಮಾಡಿಬಿಟ್ಟ. ಅವಳಿಗೆ ತನ್ನ ಮೇಲೆ ನಾಚಿಕೆಯಾಯಿತು, ಭಾವನ ಮೇಲೆ ಸಿಟ್ಟೂ ಬಂತು. ನಕ್ಷೆಯಲ್ಲಿ ನಾಲ್ಕೇ ಉಳಿದವು.

ಹನ್ನೊಂದು ತಿಂಗಳ ಮೇಲೆ ಭಾವ ಗೋಡೆ ಹಿಡಿದುಕೊಂಡು ಕಚೇರಿಗೆ ಬಂದ. ಒಂದು ಕಾಲಲ್ಲಿ ಚಪ್ಪಲಿಯಿರಲಿಲ್ಲ. ಅದು ಅವನಿಗೆ ತಿಳಿದೂ ಇರಲಿಲ್ಲ.

"ಮೆಟ್ಟಿಲು ಎರಡೆರಡು ಕಾಣ್ತಿದೆ. ನಿನ್ನೆ ಅಂಗಡಿಗೆ ಹೋದವನಿಗೆ ಮನೆ ದಾರಿ ಸಿಗ್ಲಿಲ್ಲ. ನನ್ನ ಪತ್ರ ತುಂಬು."

"ಬೇಡ ಭಾವ. ಬೇರೆ ಏನೋ ಇರ್ಬೋದು. ಮೊದ್ಲು ಡಾಕ್ಟ್ರ ಹತ್ರ..." ಎಷ್ಟೋ ಮನೆಯವರನ್ನು ಒಪ್ಪಿಸಿದ್ದವಳ ಬಾಯಲ್ಲಿ ಬಂದದ್ದು ಇಷ್ಟೇ.

"ಡಾಕ್ಟ್ರು ಹೇಳಿ ಆಯ್ತು. ಬುದ್ಧಿ ನೆಟ್ಟಗಿರುವಾಗ್ಲೇ ಸಹಿ ಹಾಕ್ಬೇಕು. ಎಲ್ಲಿ, ತೋರ್ಸು."

ಅವಳು ಬೆರಳಿಟ್ಟು ತೋರಿಸಿದಳು. ಅವನು ಹೆಸರಿನ ಮೊದಲ ಅಕ್ಷರ ಬರೆದ, ನಿಂತ, ಮತ್ತೆ ಅದನ್ನೇ ಬರೆದ. ಆಮೇಲೆ ತಲೆಯೆತ್ತಿ, "ಮುಂದೇನು?" ಎಂದ.

ಅವಳು ಅವನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿಕೊಟ್ಟಳು.