ಗ್ರಿಲ್ಲಿನ ಮುಚ್ಚಳದ ಹಿಡಿ

ಘಾಟ್ಕೋಪರ್ ಸ್ಟೇಷನ್ ಹತ್ತಿರದ ಒಂದು ದೊಡ್ಡ ಅಡುಗೆ ಸಾಮಾನಿನ ಅಂಗಡಿಯಲ್ಲಿ ಶಿವಪುತ್ರ ಸೇಲ್ಸ್‌ಮನ್. ತನ್ನ ಮನೆ ಬಿಲ್ಡಿಂಗಿನಲ್ಲಿದೆ ಎಂದು ಅಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದ. ನಿಜವಾಗಿ ಇದ್ದದ್ದು ಗುಡ್ಡದ ಮೇಲಿನ ಚಾಳಿನಲ್ಲಿ, ವಿಜಯಪುರ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದ ಅಪ್ಪ-ಅವ್ವನ ಜೊತೆ.

ಡಿಸೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ ಸೋನಾಲಿ ಎಂಬ ಗಿರಾಕಿ ಬಂದರು. ಮುಲುಂಡಿನಲ್ಲಿ ಅವರದು ಟೆರೇಸ್ ಇರುವ ಫ್ಲಾಟು. ಭಾನುವಾರ ಮನೆಗೆ ಜನ ಬರುವವರಿದ್ದರು, ಇದ್ದಿಲಿನ ಗ್ರಿಲ್ ಬೇಕಾಗಿತ್ತು. ಅವರ ಹಿಂದೆಯೇ ಮನೆಯ ಅಡುಗೆಯಾಕೆಯೂ ಒಳಗೆ ಬಂದಳು. ನೋಡಿದರೆ ದೇವಕ್ಕ! ಶಿವಪುತ್ರನ ಚಾಳಿನಲ್ಲೇ ಪಕ್ಕದ ಖೋಲಿಯವಳು. ಅವ್ವ ಕೆಲಸಕ್ಕೆ ಹೋದಾಗಲೆಲ್ಲ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ, ಚಿಕ್ಕಮ್ಮನಂಥ ಕಾಕು.

"ಏ ತಮ್ಮಾ! ನಿನ್ನ ಅಂಗಡಿ ಇದ ಏನೋ?" ಎಂದಳು, ಮುಖವೆಲ್ಲ ಅರಳಿಸಿಕೊಂಡು.

ಮ್ಯಾನೇಜರ್ ಎರಡೇ ಹೆಜ್ಜೆ ದೂರದಲ್ಲಿ ನಿಂತಿದ್ದ. ಶಿವಪುತ್ರ ಸೋನಾಲಿಯವರ ಕಡೆ ತಿರುಗಿ ಹಿಂದಿಯಲ್ಲಿ, "ಮೇಡಂ, ಇವರು ಏನೋ ಹೇಳ್ತಿದ್ದಾರೆ, ನನಗೆ ತಿಳೀಲಿಲ್ಲ," ಎಂದ.

"ಇವರು ನಿನಗೆ ಗೊತ್ತಾ?" ಸೋನಾಲಿ ದೇವಕ್ಕನನ್ನು ಕೇಳಿದರು.

ದೇವಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ತನ್ನ ಹರುಕುಮುರುಕು ಹಿಂದಿಯಲ್ಲಿ, "ಇಲ್ಲ ಮೇಡಂ. ನಮ್ಮ ಚಾಳಿನ ಹುಡುಗನ ಹಾಗೆ ಕಂಡರು, ಅಷ್ಟೇ," ಎಂದಳು.

ಅಂಗಡಿಯಲ್ಲಿ ಎರಡು ಬಗೆಯ ಗ್ರಿಲ್ ಇದ್ದವು. ಒಂದು ಕಪ್ಪು, ಭಾರದ್ದು. ಮುಚ್ಚಳಕ್ಕೆ ಕಟ್ಟಿಗೆಯ ಹಿಡಿ, ಬೂದಿ ಬೀಳಲು ಕೆಳಗೆ ಎಳೆಯುವ ತಟ್ಟೆ. ಇನ್ನೊಂದು ತೆಳು ಸ್ಟೀಲಿನದು, ಫಳಫಳ ಹೊಳೆಯುತ್ತಿತ್ತು. ಯಾರೂ ಕೊಳ್ಳದೆ ಉಳಿದಿದ್ದ ಅದನ್ನು ವರ್ಷ ಮುಗಿಯುವುದರೊಳಗೆ ಸಾಗಿಸಿಬಿಡಿ ಎಂದು ಮ್ಯಾನೇಜರ್ ಹೇಳಿದ್ದ. ಶಿವಪುತ್ರ ಅದನ್ನೇ ತೋರಿಸಿದ. ಸೋನಾಲಿಯವರಿಗೆ ಅದರ ಹೊಳಪು ಹಿಡಿಸಿತು.

ದೇವಕ್ಕ ಬೆರಳಿನಿಂದ ತಗಡನ್ನು ತಟ್ಟಿ ನೋಡಿದಳು. "ಸಾಹೇಬ್, ಹಿಡಿಯೂ ಸ್ಟೀಲಿನದೇ. ಕಾಯುವುದಿಲ್ಲವಾ?"

ಆ 'ಸಾಹೇಬ್' ಕೇಳಿ ಅವನ ಕಿವಿ ಬಿಸಿಯಾಯಿತು. ಹಿಂದಿನ ವಾರವಷ್ಟೇ ಗಿರಾಕಿಗಳಿಗೆ ಉರಿಸಿ ತೋರಿಸುವಾಗ ಅದೇ ಹಿಡಿ ತಾಗಿ ಅವನ ಬೆರಳು ಚುರ್ ಎಂದಿತ್ತು.

"ಇಲ್ಲ, ಅದಕ್ಕೆ ಕೋಟಿಂಗ್ ಇದೆ. ಎಷ್ಟು ಉರಿಸಿದರೂ ತಣ್ಣಗೇ ಇರುತ್ತೆ," ಎಂದ. ಸೋನಾಲಿ ಅದನ್ನೇ ಕೊಂಡರು.

ಮುಂದಿನ ಎರಡು ದಿನ ದೇವಕ್ಕನ ಕಣ್ಣಿಗೆ ಬೀಳದಂತೆ ಓಡಾಡಿದ. ಸೋಮವಾರ ಬೆಳಿಗ್ಗೆ ನಳದ ಹತ್ತಿರ ಸಿಕ್ಕೇಬಿಟ್ಟಳು. ಬಲಗೈಗೆ ಅರಿವೆ ಸುತ್ತಿತ್ತು. ಅವಳ ಕೊಡವನ್ನು ಬೇರೆ ಯಾರೋ ತುಂಬುತ್ತಿದ್ದರು.

"ಕಾಕು, ಕೈಗೆ ಏನಾತು?"

"ಆ ಹಿಡಿ ಹತ್ತಿತಪ್ಪಾ. ಅಂಗೈ ಎಲ್ಲಾ ಬೊಬ್ಬಿ."

"ಅರಿವಿ ಹಿಡಿಬೇಕಿತ್ತಲ್ಲ ಕಾಕು..."

"ನೀ ಕಾಯಂಗಿಲ್ಲ ಅಂದಿದ್ದಿ. ಅದಕ್ಕ ಹಿಡೀಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಲೆ ಎತ್ತಿ ನಿಲ್ಲುತ್ತಿದ್ದನೇನೋ. ಗುರುತಿಲ್ಲ ಅಂದವನ ಮಾತನ್ನೂ ಅವಳು ನಂಬಿದ್ದಳು.

ರಜೆಯ ದಿನ ಬಿಲ್ಲಿನಲ್ಲಿದ್ದ ವಿಳಾಸ ಹಿಡಿದು ಲೋಕಲ್ ಹತ್ತಿ ಮುಲುಂಡಿಗೆ ಹೋದ. ಬಾಗಿಲಲ್ಲೇ ನಿಂತು ಸೋನಾಲಿಯವರಿಗೆ ಎಲ್ಲ ಹೇಳಿದ. ಹಿಡಿ ಕಾಯುವುದು ತನಗೆ ಗೊತ್ತಿತ್ತು. ದೇವಕ್ಕನ ಗುರುತೂ ಇತ್ತು, ತನ್ನನ್ನು ಸಾಕಿದ ಕಾಕು ಅವಳು.

"ಗೊತ್ತಿದ್ದೂ ಸುಳ್ಳು ಹೇಳಿದೆಯಾ?" ಎಂದರು ಸೋನಾಲಿ. ಸ್ವಲ್ಪ ತಡೆದು, "ಅಂದರೆ ಅವಳೂ ಸುಳ್ಳು ಹೇಳಿದಳು," ಎಂದರು.

"ಅದು ನನ್ನ ಸಲುವಾಗಿ, ಮೇಡಂ."

ಅವರು ಬಾಗಿಲು ಮುಚ್ಚಿಕೊಂಡರು.

ಅಂಗಡಿಯವರು ಹೊಳೆಯುವ ಗ್ರಿಲ್ ವಾಪಸ್ ತೆಗೆದುಕೊಂಡು ಕಪ್ಪು ಗ್ರಿಲ್ ಕಳಿಸಿದರು. ಮ್ಯಾನೇಜರ್ ಎಲ್ಲರೆದುರು ಬೈದು ಶಿವಪುತ್ರನನ್ನು ಗೋಡೌನಿಗೆ ಹಾಕಿದ. ಅವನಿಗೆ ಅದರಿಂದ ಒಂದು ಬಗೆಯ ಹಗುರವೇ ಆಯಿತು. ಅಂದು ಸಂಜೆ ದೇವಕ್ಕನ ಖೋಲಿಗೆ ಹೋಗಿ, "ಮೇಡಂಗೆ ಎಲ್ಲಾ ಖರೆ ಹೇಳಿ ಬಂದೆ ಕಾಕು," ಎಂದ.

ಎಡಗೈಯಿಂದ ಅಕ್ಕಿ ಆರಿಸುತ್ತಿದ್ದ ದೇವಕ್ಕ ಮೊರ ಕೆಳಗಿಟ್ಟಳು.

"ಹಿಡಿ ಕಾಯತೈತಿ ಅಂತ ಹೇಳಿದ್ದು ಛಲೋ ಆತು. ನಾ ನಿನ್ನ ಕಾಕು ಅಂತ ಯಾಕ ಹೇಳಾಕ ಹೋದಿ? ಹನ್ನೊಂದು ವರ್ಷ ಆತು ಅವರ ಮನ್ಯಾಗ. ಒಂದು ದಿನಾನೂ ಸುಳ್ಳ ಆಡಿದಾಕಿ ಅಲ್ಲ ನಾ. ಮೊದಲ ಎಲ್ಲಾ ರೊಕ್ಕ ಕೊಟ್ಟು ಸಂತಿಗೆ ನನ್ನ ಕಳಸ್ತಿದ್ರು. ಈ ವಾರ ರೊಕ್ಕ ನನ್ನ ಕೈಯಾಗ ಕೊಡದ ತಾವ ಹೋಗಿ ಬಂದ್ರು."

ಶಿವಪುತ್ರನಿಗೆ ಕೂರಲೂ ಆಗಲಿಲ್ಲ, ಹೊರಡಲೂ ಆಗಲಿಲ್ಲ. ದೇವಕ್ಕ ಮತ್ತೆ ಮೊರ ಎತ್ತಿಕೊಂಡು ಕಲ್ಲು ಹುಡುಕತೊಡಗಿದಳು.