ಎಳೆಯ ತುದಿ

"ಕತ್ತರಸು," ಅಂದ ಗುತ್ತಿಗೆದಾರ ಗುರುಪಾದ. "ಮಷಿನ್ ಕೆಟ್ಟೇತಿ ಅಂತ ಸಾಹೇಬ್ರು ಕಣ್ಣಿಲೆ ನೋಡಿ ಪಾಸ್ ಮಾಡ್ತಾರು. ನೀ ಮಾತ್ರ ನಿನ್ನ ತಮ್ಮನಂಗ ಕುಡದು ಬೀಳಬ್ಯಾಡ."

ಅಟ್ಟಣಿಗೆಯ ಮೇಲೆ ನಿಂತಿದ್ದ ಅಕ್ಕವ್ವನ ಕೈಯಲ್ಲಿ ಬ್ಲೇಡಿತ್ತು. ನೆತ್ತಿಯ ಮೇಲೆ ಮೂಡಲಗಿ ರಸ್ತೆಯ ಹೊಸ ಸೇತುವೆ. ಅದರ ತೊಲೆಯುದ್ದಕ್ಕೂ, ತೊಲೆ ಬಾಗುವುದನ್ನು ಅಳೆಯಲೆಂದು ತಾನೇ ಅಂಟಿಸಿದ ಗಾಜಿನ ಎಳೆ, ಕೂದಲಿನಷ್ಟು ಸಣ್ಣದು.

ಮೂರು ವರ್ಷದ ಹಿಂದೆ ಹುಕ್ಕೇರಿ ಕಡೆ ಇದೇ ಗುರುಪಾದನ ಕೆಲಸದಲ್ಲಿ ಸೆಂಟ್ರಿಂಗ್ ಮುರಿದು ತಮ್ಮ ಭೀಮೇಶ ಸತ್ತ. ಕುಡಿದು ಬಿದ್ದನೆಂದು ಪೊಲೀಸರ ಮುಂದೆ ಬರೆಸಿದವನೂ ಇವನೇ. ಮರುತಿಂಗಳೇ ಅಕ್ಕವ್ವ ಅವನ ಕೈಕೆಳಗೆ ಕೂಲಿಗೆ ಬಂದಳು. ಊರವರು ನಾಚಿಕೆಗೇಡಿ ಅಂದರು. ಅವಳು ಕಾಯುತ್ತಿದ್ದಳು.

ಗುರುಪಾದನ ತಿಳಿವಳಿಕೆಯಲ್ಲಿ ಆ ಎಳೆ ಕರೆಂಟಿನ ವಾಯರು. ಎಲ್ಲಿ ಕಡಿದರೂ ಸತ್ತಂತೆ. ಹಾಗಲ್ಲವೆಂದು ಅಕ್ಕವ್ವನಿಗೆ ಗೊತ್ತಿತ್ತು. ಹೋದ ವಾರ ಅವಳ ಕೈ ತಾಗಿ ತುದಿ ಮುರಿದಾಗ, ಗೋಕಾಕದ ಎಂಜಿನಿಯರ್ ಅರ್ಚನಾ ಬೈಯದೆ ಪರದೆ ತೋರಿಸಿದ್ದಳು. ಎಳೆಯೊಳಗೆ ಎಂಟು ಕಡೆ ಕಣ್ಣಿಗೆ ಕಾಣದ ಗೀರುಗಳಿವೆ. ಒಳಹೊಕ್ಕ ಬೆಳಕಿನಲ್ಲಿ ಒಂದೊಂದು ಕಡೆಯ ಗೀರು ಒಂದೊಂದೇ ಬಣ್ಣ ಸೋಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ತೊಲೆ ಬಾಗಿ ಎಳೆ ಜಗ್ಗಿದರೆ ಬಣ್ಣ ಸರಿದು ಅಂಕಿ ಬದಲಾಗುತ್ತದೆ. ಎಂಟನೆಯದರ ಆಚೆಗಿನ ತುದಿ ಹೋದರೆ ಏನೂ ಹೋಗದು.

ಅಕ್ಕವ್ವ ಆ ತುದಿಗೇ ಸರಿದು, ಅವನಿಗೆ ಕಾಣುವಂತೆ ಎತ್ತಿ ಹಿಡಿದು ಕತ್ತರಿಸಿದಳು.

ಗುರುಪಾದ ನಿಶ್ಚಿಂತೆಯಿಂದ ಅಧಿಕಾರಿಯನ್ನು ಕರೆಸಿದ. ಸೇತುವೆ ಭಾರ ತಡೆಯುತ್ತದೆಯೇ ಎಂದು ನೋಡಲು ಕಲ್ಲು ತುಂಬಿದ ನಾಲ್ಕು ಟಿಪ್ಪರ್ ನಡುಸೇತುವೆಯಲ್ಲಿ ನಿಂತವು. ಅರ್ಚನಾಳ ಪರದೆಯ ಮೇಲೆ ಅಂಕಿಗಳು ಏರಿದವು. ಗುರುಪಾದನ ಬಾಯೊಳಗಿನ ಎಲೆ ಅಡಿಕೆ ಅಲ್ಲೇ ನಿಂತಿತು. ಗಾಡಿ ತೆಗೆದ ಮೇಲೆ ಆರು ಅಂಕಿ ಇಳಿದವು. ನಡುವಿನ ಎರಡು ಇಳಿಯಲಿಲ್ಲ. ಬಾಗಿದ ತೊಲೆ ಬಾಗಿಯೇ ಉಳಿದಿತ್ತು. ಅಧಿಕಾರಿ ಕೆಳಗಿಳಿದು ಬಿರುಕಿಗೆ ಬೆರಳಿಟ್ಟು ನೋಡಿದರು. ಸೇತುವೆ ಮುಚ್ಚಿಸಿ ಎಂದರು; ಇದೇ ಗುತ್ತಿಗೆದಾರನ ಹುಕ್ಕೇರಿ ಕೆಲಸದ ಹಳೆಯ ಕಡತವನ್ನೂ ತೆಗೆಸುತ್ತೇನೆ ಎಂದರು.

"ಕತ್ತರಸಿದ್ದಿ ಅಲ್ಲ ನೀ?" ಗುರುಪಾದ ಅಕ್ಕವ್ವನ ಕಡೆ ತಿರುಗಿದ.

"ನಿಮ್ಮ ಮುಂದನ ಕತ್ತರಸೇನಲ್ರಿ, ಸಾವ್ಕಾರ್ರ." ಅಕ್ಕವ್ವ ಕೈಗಂಟಿದ ಗೋಂದನ್ನು ಉಗುರಿನಿಂದ ಕೆರೆಯುತ್ತ ನಿಂತಳು. "ಭೀಮ್ಯಾ ಕುಡೀತಿರಲಿಲ್ರಿ."

ಅವನ ಕಾರು ಆಚೆ ದಡದಲ್ಲಿತ್ತು. ಸೇತುವೆಗೆ ಇನ್ನೂ ಬೊಂಬು ಅಡ್ಡ ಕಟ್ಟಿರಲಿಲ್ಲ. ಗುರುಪಾದ ಅದರ ಮೇಲೆ ಎರಡು ಹೆಜ್ಜೆ ಇಟ್ಟು ನಿಂತ. ಆಮೇಲೆ ತಿರುಗಿ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು, ಪ್ಯಾಂಟು ಮೊಣಕಾಲಿಗೇರಿಸಿ ಹಳ್ಳದ ನೀರಿಗಿಳಿದ.