ಬುಧವಾರದ ಶರಣಾಗತಿ

ಮೂರು ತಿಂಗಳ ಮುತ್ತಿಗೆಯಲ್ಲಿ ಮೋರ್ವಿಯೆ ಊರಿನ ಇಲಿಗಳೂ ಮುಗಿದಿದ್ದವು. ಕೊನೆಗೆ ಊರ ಮುಖ್ಯಸ್ಥ ಓಡೋ ಕೋಟೆಯ ಬೀಗದ ಕೈಗಳನ್ನು ತಟ್ಟೆಯಲ್ಲಿಟ್ಟುಕೊಂಡು ಡ್ಯೂಕ್ ತಿಬೋನ ಡೇರೆಯ ಮುಂದೆ ಮಂಡಿಯೂರಿದ.

ಡ್ಯೂಕ್ ಹಾವು ಕಂಡವನಂತೆ ಹಿಂದಕ್ಕೆ ಜಿಗಿದ. "ಇವತ್ತು ಬುಧವಾರ ಕಣಯ್ಯ! ಆ ಪಾಪಿ ರಾಜ ಹೆರೋದ ಹಸುಗೂಸುಗಳನ್ನ ಕೊಲ್ಲಿಸಿದ ದಿನದ ಸ್ಮರಣೆ ಈ ಸಲ ಬುಧವಾರಾನೇ ಬಿದ್ದಿತ್ತು. ಅದು ಬಿದ್ದ ವಾರ ವರ್ಷವಿಡೀ ಅಪಶಕುನ; ವರ್ಷ ತುಂಬೋವರೆಗೆ ಬುಧವಾರ ನಾನು ಏನೂ ಗೆಲ್ಲಲ್ಲ. ನಾಳೆ ಬಾ."

"ಪ್ರಭು, ಇದು ಬರೀ ಮೂಢನಂಬಿಕೆ," ಎಂದರು ಪಕ್ಕದಲ್ಲಿದ್ದ ಪಾದ್ರಿ.

"ಬೈಬಲ್ಲಲ್ಲಿ ಇರೋದು ಮೂಢನಂಬಿಕೆ ಹೇಗಾಗುತ್ತೆ ಸ್ವಾಮಿ?"

"ನಾಳೆವರೆಗೆ ಜನ ಉಳಿಯಲ್ಲ ಪ್ರಭು, ಹಸಿವು," ಎಂದು ಓಡೋ ಅತ್ತ.

ಡ್ಯೂಕ್ ದೈವಭಕ್ತ. ಹಸಿದವರಿಗೆ ಉಣಿಸುವುದಕ್ಕೆ ವಾರದ ದೋಷವಿಲ್ಲವೆಂದು ಹನ್ನೆರಡು ಗಾಡಿ ರೊಟ್ಟಿ ಕೊಟ್ಟು ಕಳುಹಿಸಿದ.

ಹೊಟ್ಟೆ ತುಂಬಿದ ಊರು ಗುರುವಾರ ಬಾಗಿಲು ತೆರೆಯಲಿಲ್ಲ. ಶರಣಾಗುತ್ತೇವೆಂದು ಕೊಟ್ಟ ಮಾತು ತಪ್ಪಿತಲ್ಲ ಎಂದು ಓಡೋ ಸಂಕಟಪಟ್ಟಾಗ ಹೆಂಡತಿ ಎರ್ಮಿನ್ ಗದರಿದಳು: "ಮಾತು ತಪ್ಪಿ ಅಂತ ಯಾರು ಅಂದ್ರು? ಮುಂದಿನ ಬುಧವಾರ ಹೋಗಿ ಶರಣಾಗಿ."

ಅವನು ಹೋದ. ಡ್ಯೂಕ್ ಮತ್ತೆ ಜಿಗಿದ, ಬೈದ, ಹಸಿದವನನ್ನು ಬರಿಗೈಲಿ ಕಳಿಸಿದರೆ ನರಕವೆಂದು ಹೆದರಿ ಮತ್ತೆ ರೊಟ್ಟಿ ಕೊಟ್ಟ. ಹೀಗೆ ಊರು ಏಳು ಬುಧವಾರ ಶರಣಾಯಿತು, ಉಗ್ರಾಣ ತುಂಬಿತು.

ಎಂಟನೆಯ ಸಲ ಓಡೋ ಹೋದಾಗ ಸೈನಿಕರು ಬೇಲಿಯ ಸೊಪ್ಪು ಬೇಯಿಸುತ್ತಿದ್ದರು. ಡ್ಯೂಕ್ ಟೋಪಿ ತೆಗೆದು ತಗ್ಗಿದ ದನಿಯಲ್ಲಿ ಕೇಳಿದ: "ನಿಮ್ಮಲ್ಲಿ ರೊಟ್ಟಿ ಏನಾದ್ರೂ ಮಿಕ್ಕಿದೆಯೇನಯ್ಯ?"

ಓಡೋಗೆ ನಿಜಕ್ಕೂ ಅಯ್ಯೋ ಎನಿಸಿತು. ಆರು ಗಾಡಿ ಕಳಿಸಿಕೊಟ್ಟ. ಸೇನೆ ಉಂಡು, ಊರಿಗೆ ಕೈಮುಗಿದು, ತನ್ನ ದಾರಿ ಹಿಡಿಯಿತು.